ಹತ್ತು ಗಂಟಿನ ಹಡಗು

ಸಮುದ್ರ ಕಾಣದವನು ಹಡಗಿನ ಪಾಠ ಹೇಳಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ಆಗ ನಾವು ಮುಂಬೈ ರಾಜ್ಯದಲ್ಲಿದ್ದೆವು. ಸಮುದ್ರ ರಾಜ್ಯಕ್ಕಿತ್ತು, ಬನಹಟ್ಟಿಗಿರಲಿಲ್ಲ. ವಿಜ್ಞಾನದ ಪದವಿ ಮುಗಿಸಿ ಅಲ್ಲಿಯ ಒಂದು ಹೈಸ್ಕೂಲಿಗೆ ಸೇರಿದ್ದೆ. ಇಂಗ್ಲಿಷ್ ಮಾಸ್ತರರ ಜಾಗ ಖಾಲಿ ಇದ್ದುದರಿಂದ ಆ ಪಾಠವೂ ನನ್ನ ಪಾಲಿಗೆ ಬಂತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

೧. ನಾಳೆ

ಪಾಠದಲ್ಲಿ ಒಂದು ವಾಕ್ಯ: ಹಡಗು ಹತ್ತು ‘ನಾಟ್’ ವೇಗದಲ್ಲಿ ಸಾಗಿತು. ನಾಟ್ ಅಂದರೆ ಗಂಟು ಎಂದು ಹಲಗೆಯ ಮೇಲೆ ಬರೆದೆ. ತರಗತಿಯ ತುಂಬ ನೇಕಾರರ ಮಕ್ಕಳು. ಒಬ್ಬ ಎದ್ದು ನಿಂತ.

“ಸರ್, ನಮ್ಮ ಮಗ್ಗ ಒಂದ ಗಂಟಿಗೇ ನಿಲ್ತದರಿ. ಹತ್ತು ಗಂಟು ಬಿದ್ದ ಹಡಗ ಹೆಂಗ ನಡೀತದ?”

ಗೊತ್ತಿಲ್ಲದ್ದಕ್ಕೆಲ್ಲ ನನ್ನ ಉತ್ತರ ಒಂದೇ. “ನಾಳೆ ಹೇಳ್ತೇನಿ.”

“ಯಾವ ನಾಳಿರಿ ಸರ್? ಹೋದ ವಾರದವು ಇನ್ನೂ ನಾಕು ಉಳದಾವ.”

೨. ಯಾವ ಅರ್ಥ

ಹೆಡ್‌ಮಾಸ್ತರರ ಕಪಾಟಿನಲ್ಲಿ ದಪ್ಪನೆಯ ನಿಘಂಟಿತ್ತು. ನಾಟ್ ಎಂದರೆ ಹಗ್ಗದ ಗಂಟು, ಮರದ ಗಂಟು, ಬಿಡಿಸಲಾಗದ ತೊಡಕು, ಮದುವೆಯ ಬಂಧನ. ಎಲ್ಲಕ್ಕೂ ಕೆಳಗೆ ಹಡಗಿನ ವೇಗ. ಅದರ ಮೂಲವೂ ಇತ್ತು. ಹಿಂದಿನ ನಾವಿಕರು ಹಲಗೆಯೊಂದಕ್ಕೆ ಹಗ್ಗ ಕಟ್ಟಿ ನೀರಿಗೆ ಒಗೆಯುತ್ತಿದ್ದರು. ಹಲಗೆ ನಿಂತಲ್ಲಿ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಸಮ ಅಂತರದಲ್ಲಿ ಗಂಟು. ಮರಳಿನ ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈ ದಾಟಿದವೋ ಅಷ್ಟು ವೇಗ.

ನಾನು ಸಂತೋಷದಿಂದ ನಿಘಂಟು ಮುಚ್ಚಿದೆ. ಹೆಡ್‌ಮಾಸ್ತರರು ಕೇಳಿದರು: “ಸಿಕ್ಕಿತೇನ್ರಿ? ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬ್ರು ನಿಮ್ಮ ಪಾಠ ನೋಡಾವ್ರದಾರ. ಅವರು ಛಲೋ ವರದಿ ಬರದರನ ನಿಮ್ಮ ನೌಕರಿ ಕಾಯಂ.”

“ಸಿಕ್ತರಿ. ಪ್ರಯೋಗ ಮಾಡೇ ತೋರಸ್ತೇನಿ.”

“ಮದುವಿ ಅರ್ಥ ಬಿಟ್ಟು ತೋರಸ್ರಿ.”

೩. ಹೊಳೆಯಲ್ಲಿ

ಮೊದಲು ನಾನೇ ಮಾಡಿ ನೋಡುವುದು ಕ್ರಮ. ನನ್ನ ಮನೆಯ ಮಾಲಕರು ನೇಕಾರರು. ಅವರ ಬಾವಿಯ ಹಗ್ಗ ಕೇಳಿ ಪಡೆದು, ಅಳೆದು ಗಂಟು ಹಾಕಿ, ಒಂದು ಹಲಗೆಗೆ ಕಟ್ಟಿ, ರವಿವಾರ ಬೀಳಗಿ ಕಡೆಯ ಬಸ್ಸು ಹಿಡಿದು ಹೊಳೆದಂಡೆಯ ಅನಗವಾಡಿಗೆ ಹೋದೆ. ಅಂಬಿಗನ ದೋಣಿ ಹತ್ತಿ ನಡುಹೊಳೆಯಲ್ಲಿ ಹಲಗೆ ಒಗೆದೆ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ಸಿಲ್ಲು. ಹಗ್ಗದ ತುದಿ ಹಿಡಿಯಲು ಮೂರನೆಯ ಕೈ ಬೇಕೆಂದು ನಿಘಂಟಿನಲ್ಲಿ ಬರೆದಿರಲಿಲ್ಲ.

ಅಂಬಿಗ ಹುಟ್ಟು ಹಾಕುತ್ತಲೇ ಕೇಳಿದ: “ಎಷ್ಟು ಗಂಟು ಹೋದ್ವರಿ ಮಾಸ್ತರ?”

“ಎಲ್ಲಾ ಹೋದ್ವು.”

೪. ಸೋಮವಾರ

ಬಾವಿಯ ಹಗ್ಗ ಹೋದ ಸುದ್ದಿಗೆ ಮಾಲಕರು ಸಿಟ್ಟಾಗಲಿಲ್ಲ. ನನ್ನ ಗಂಟುಗಳನ್ನು ನೋಡಿದ್ದರಂತೆ, ನಾಚಿಕೆಯಾಗಿತ್ತಂತೆ.

“ಹಗ್ಗ ಕೊಡಂಗಿಲ್ಲ. ನೂಲಿನಾಗ ನಾನ ಗಂಟು ಹಾಕಿ ಕೊಡ್ತೇನಿ. ಎಷ್ಟು ಮೊಳಕ್ಕೊಂದು, ಬರದ ಕೊಡ್ರಿ.”

ಬರೆದು ಕೊಟ್ಟೆ. ಬೆಳಿಗ್ಗೆ ಅಂದವಾಗಿ ಸುತ್ತಿದ ಉಂಡೆ ಕೈಗೆ ಬಂತು. ಬಿಚ್ಚಿ ಪರೀಕ್ಷಿಸಬೇಕಿತ್ತು. ಅಷ್ಟರಲ್ಲಿ ಇನ್ಸ್‌ಪೆಕ್ಟರರ ಟಾಂಗಾ ಬಂದುಬಿಟ್ಟಿತು.

ಶಾಲೆಯ ಬಯಲೇ ಸಮುದ್ರ, ನಾನೇ ಹಡಗು. ಆ ಪ್ರಶ್ನೆ ಕೇಳಿದ ಹುಡುಗನೇ ನೂಲಿನ ತುದಿ ಹಿಡಿದು ನಿಂತ. ಇನ್ಸ್‌ಪೆಕ್ಟರರು ಗಡಿಯಾರ ನೋಡಿ “ಹೂಂ” ಎಂದರು. ಉಂಡೆ ಬಿಚ್ಚುತ್ತ, ನೂಲನ್ನು ಬೆರಳ ನಡುವೆ ಹಾಯಿಸುತ್ತ ಓಡಿದೆ. ಬಯಲು ಮುಗಿಯಿತು, ಉಂಡೆಯೂ ಮುಗಿಯಿತು.

“ಎಷ್ಟು ನಾಟ್ರಿ?”

ನಾನು ಏದುಸಿರು ಬಿಡುತ್ತಿದ್ದೆ. “ಒಂದೂ ಕೈಗೆ ಹತ್ತಲಿಲ್ಲರಿ ಸರ್.”

“ಅಂದರ ಹಡಗ ನಡೀಲೇ ಇಲ್ಲ?”

ತಮ್ಮ ಕೆಲಸ ನೋಡಲು ಗೇಟಿನ ಹತ್ತಿರ ಬಂದು ನಿಂತಿದ್ದ ಮಾಲಕರಿಗೆ ತಡೆಯಲಾಗಲಿಲ್ಲ. “ಹತ್ತೂ ಅದಾವ್ರಿ ಸಾಹೇಬ್ರ! ಕೈಗೆ ಹತ್ತೂವಂಗ ಗಂಟು ಹಾಕಾಕ ನಾ ಏನ್ ಮಾಸ್ತರನೇನ್ರಿ?”

ಇನ್ಸ್‌ಪೆಕ್ಟರರು ನೂಲನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಗಂಟು ಹುಡುಕಿ ಎಣಿಸಿದರು. ಹತ್ತೂ ಇದ್ದವು. ಮಾಲಕರ ಬೆನ್ನು ತಟ್ಟಿದರು. ಟಾಂಗಾ ಹತ್ತಿದರು.

ವಾರ ಕಳೆದು ಅವರ ವರದಿ ಬಂತು. ಹೆಡ್‌ಮಾಸ್ತರರು ಎಲ್ಲರೆದುರು ಓದಿದರು:

“ಈ ಶಿಕ್ಷಕರು ಇಡೀ ಬಯಲು ಓಡಿದರೂ ವೇಗ ಸೊನ್ನೆ. ಊರು ಬಿಟ್ಟು ಓಡಿಹೋಗುವ ಭಯವಿಲ್ಲ. ಕಾಯಂ ಮಾಡಬಹುದು.”