ಹೂವಿನಮ್ಮನ ಕೊನೇ ಡೋಸ್

ನಾಯಿ ಕಚ್ಚಿದ ಜಾಗವನ್ನ ಸೋಪು ಹಾಕಿ ನಲ್ಲಿ ನೀರಲ್ಲಿ ಚೆನ್ನಾಗಿ ತೊಳ್ಕೊಂಡು ಬನ್ನಿ ಅಂತ ಎಷ್ಟು ಬಾಯಿ ಬಡ್ಕೊಂಡ್ರೂ ಅಷ್ಟೇ. ಜನ ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ಕೊಂಡು, ಜೊತೆಗೆ ನೂರೆಂಟು ಪ್ರಶ್ನೆ ಹೊತ್ಕೊಂಡೇ ಬರ್ತಾರೆ. ಗೋವಿಂದರಾಜನಗರದ ಪುಟ್ಟ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸು. ನನ್ನದೊಂದು ಹಟ: ನನ್ನ ಕೈಲಿ ಮೊದಲ ಡೋಸ್ ಹಾಕಿಸಿಕೊಂಡವರು ಕೊನೇದನ್ನೂ ಹಾಕಿಸಿಕೊಳ್ಳಲೇಬೇಕು. ಈ ರೇಬೀಸ್ ಕಾಯಿಲೆ ಒಮ್ಮೆ ಬಂತು ಅಂದ್ರೆ ಉಳಿಸೋಕಾಗಲ್ಲ. ದೇವರು ಎತ್ತರ ಕೊಟ್ಟಿದ್ದಾನೆ, ತೋಳೂ ಉದ್ದ ಕೊಟ್ಟಿದ್ದಾನೆ. ನುಣುಚಿಕೊಂಡು ಹೋಗೋರನ್ನ ಕೂತಲ್ಲಿಂದಲೇ ಹಿಡಿದು ಎಳೀತೀನಿ.

ಒಳ್ಳೆ ಮನೆತನದ ನಾಯಿ

ಅಪಾರ್ಟ್‌ಮೆಂಟಿನ ಸಾರ್ ಒಬ್ಬರು ಕೈಗೆ ಕರ್ಚೀಫು ಸುತ್ಕೊಂಡು ಬಂದರು.

"ಬೀದಿನಾಯಿ ಅಲ್ಲ ಸಿಸ್ಟರ್, ನಮ್ಮನೇದೇ. ತುಂಬಾ ಒಳ್ಳೆ ಮನೆತನದ ನಾಯಿ. ನನಗೆ ಇಂಜೆಕ್ಷನ್ ಬೇಕಾಗಲ್ಲ ಅಲ್ವಾ?"

"ಅಷ್ಟು ಒಳ್ಳೇದು ಯಾಕೆ ಸಾರ್ ಕಚ್ತು?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅದಕ್ಕೆ ಇಂಜೆಕ್ಷನ್ ಹಾಕಿಸೋಕೆ ಕರ್ಕೊಂಡು ಹೋಗ್ತಿದ್ದೆ. ಬಾಗಿಲಲ್ಲೇ ಕಚ್ಚಿ ಓಡಿಹೋಯ್ತು."

"ಅಂದ್ರೆ ಅದಕ್ಕೂ ಇನ್ನೂ ಹಾಕಿಲ್ಲ!"

"ಇಲ್ಲ ಸಿಸ್ಟರ್, ಅದಕ್ಕೆ ಸೂಜಿ ಅಂದ್ರೆ ಭಯ." ಹಾಗಂತ ಅವರೂ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ತೋಳು ಚಾಚಿ ಹಿಡಿದೆ. ಪುಣ್ಯಕ್ಕೆ ಅವರು ಕಚ್ಚಲಿಲ್ಲ.

ಗಂಡನ ಬದಲು

ಇನ್ನೊಂದು ದಿನ ಒಬ್ಬ ಹೆಣ್ಮಗಳು ಬಂದು ನೇರವಾಗಿ ತೋಳು ಮುಂದೆ ಮಾಡಿದಳು. ಇವಳಿಗೆ ಯಾವ ನಾಯಿ ಯಾವಾಗ ಕಚ್ತು ಅಂತ ನನಗೆ ನೆನಪೇ ಬರಲಿಲ್ಲ.

"ನನಗೆ ಯಾವುದೂ ಕಚ್ಚಿಲ್ಲ ಸಿಸ್ಟರ್, ನಮ್ಮನೆಯವರಿಗೆ. ಅವರಿಗೆ ರಜ ಸಿಕ್ಕಿಲ್ಲ. ಇವತ್ತಿನ ಡೋಸ್ ನನಗೇ ಹಾಕಿಬಿಡಿ."

"ಅವರದ್ದು ನಿನಗೆ ಹಾಕಿದ್ರೆ ಅವರಿಗೆ ಹೆಂಗಮ್ಮಾ ಆಗುತ್ತೆ?"

"ರೇಷನ್ ಮಾತ್ರ ಒಬ್ರು ಹೋದ್ರೆ ಎಲ್ರಿಗೂ ಕೊಡ್ತಾರೆ," ಅಂತ ಅವಳು ಗೊಣಗಿದಳು.

ಅಲ್ಲೇ ಗಂಡನಿಗೆ ಫೋನ್ ಮಾಡಿಸಿದೆ. ಅವನದು ಇನ್ನೊಂದು ಗೋಳು: "ದಿನ ತಪ್ಪಿಸಿದ್ರೆ ಮತ್ತೆ ಮೊದಲಿಂದ ಚುಚ್ತೀರಂತಲ್ಲ, ಸಿಸ್ಟರ್?"

"ಯಾರಪ್ಪಾ ಹೇಳಿದ್ದು? ಬಿಟ್ಟ ಕಡೆಯಿಂದಲೇ ಮುಂದುವರಿಸ್ತೀವಿ. ಆದರೆ ತಡ ಮಾಡಬೇಡ, ಈಗಲೇ ಬಾ."

ಬಂದ. ಸೂಜಿ ಚುಚ್ಚಿದ್ದು ಅವನಿಗೆ. "ಅಮ್ಮಾ" ಅಂತ ಕಿರುಚಿದ್ದು ಅವನ ಹೆಂಡತಿ.

ಉದ್ದ ಕೈ

ಎಲ್ಲರಿಗಿಂತ ನನ್ನನ್ನ ಆಟ ಆಡಿಸಿದ್ದು ಹೊಸಹಳ್ಳಿ ಮೆಟ್ರೋ ಹತ್ತಿರ ಹೂವು ಮಾರೋ ಅಮ್ಮ. ಬೀದಿನಾಯಿ ಕಾಲಿಗೆ ಆಳವಾಗಿ ಕಚ್ಚಿತ್ತು. ಆಮೇಲೆ ಆ ನಾಯಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊದಲ ದಿನ "ಹೊಕ್ಕಳ ಸುತ್ತ ಹಾಕ್ತೀರಾ?" ಅಂತ ನಡುಗಿದ್ದರು. "ಅದು ಹಳೇ ಕಾಲದ್ದಮ್ಮ, ಈಗ ತೋಳಿಗೆ," ಅಂತ ಒಪ್ಪಿಸಿದ್ದೆ. ಗಾಯದ ಸುತ್ತ ಹಾಕೋ ಬೇರೆ ಔಷಧಿಯನ್ನೂ ಹಲ್ಲು ಕಚ್ಚಿ ಹಾಕಿಸಿಕೊಂಡಿದ್ದರು. ಉಳಿದಿದ್ದು ಕೊನೇ ಡೋಸ್ ಒಂದೇ. ಅದು ಸರಿಯಾಗಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬಂತು.

ಬೆಳಗ್ಗೆಯೆಲ್ಲಾ ಕಾದೆ, ಆಳಿಲ್ಲ. ಊಟದ ಹೊತ್ತಲ್ಲಿ ನಾನೇ ಹೊರಟೆ. ಬುಟ್ಟಿ ತುಂಬಾ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಸುತ್ತ ಜನವೋ ಜನ.

"ಗಾಯ ಮಾಯ್ದಿದೆ ಸಿಸ್ಟರ್, ನಡೀರಿ ನಡೀರಿ. ಇವತ್ತು ಎದ್ದು ಬಂದ್ರೆ ನನ್ ವ್ಯಾಪಾರ ಎಕ್ಕುಟ್ಟೋಗುತ್ತೆ."

"ಮಾಯ್ದಿರೋದು ಚರ್ಮ ಅಮ್ಮಾ. ವಿಷಕ್ಕೆ ಹಬ್ಬ ಗಿಬ್ಬ ಗೊತ್ತಾಗಲ್ಲ."

"ಹಂಗಾದ್ರೆ ಇಲ್ಲೇ ಚುಚ್ಚಿ!"

"ಔಷಧಿ ಫ್ರಿಜ್ಜಲ್ಲಿದೆ, ಬೀದೀಲಿ ಹಿಡ್ಕೊಂಡು ತಿರುಗೋ ಹಾಗಿಲ್ಲ. ನೀವು ಹೋಗಿ, ಡಾಕ್ಟ್ರು ಹಾಕ್ತಾರೆ. ಇಲ್ಲಿ ನಾನು ಕೂತ್ಕೋತೀನಿ."

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಅಳೆಯೋಕೆ ಬರುತ್ತಾ?"

"ಮೊಳ ಹಾಕೋದು ತಾನೇ? ಮೊಣಕೈಯಿಂದ ಬೆರಳ ತುದಿವರೆಗೆ. ಅದೇನು ಬ್ರಹ್ಮವಿದ್ಯೆನಾ? ಹೋಗಿ ಅಂದೆ!"

ಆಟೋ ಹತ್ತಿಸಿ ಕಳಿಸಿದೆ. ಕೂತು ಒಬ್ಬರಿಗೆ ಒಂದು ಮೊಳ ಕೊಟ್ಟೆ. ಅವರು ಹೂವು ನೋಡಿದರು, ನನ್ನ ತೋಳು ನೋಡಿದರು, "ಇನ್ನೆರಡು ಮೊಳ ಕೊಡಿ" ಅಂದರು. ಆಮೇಲೆ ಕ್ಯೂ ನಿಂತುಬಿಡ್ತು. ಪಕ್ಕದ ಹೂವಿನವನ ಗಿರಾಕಿಗಳೂ ಇತ್ತ ಬಂದರು. "ಆ ಉದ್ದ ಕೈ ಅಕ್ಕನ ಹತ್ರ ತಗೋಳೇ," ಅಂತ ಯಾರೋ ಫೋನಲ್ಲಿ ಕರೀತಾ ಇದ್ದರು. ನನಗೋ ಹೆಮ್ಮೆ, ಏನು ವ್ಯಾಪಾರ ಮಾಡ್ತಿದೀನಿ ಅಂತ!

ಹೂವಿನಮ್ಮ ತೋಳು ಉಜ್ಜಿಕೊಂಡು ವಾಪಸ್ ಬಂದಾಗ ಬುಟ್ಟಿ ಖಾಲಿ.

"ಎಲ್ಲಾ ಮಾರಿದೆ ಅಮ್ಮಾ!"

ಅವರು ನನ್ನ ಕೈ ಹಿಡಿದು, ಮೊಣಕೈಗೆ ಮೊಣಕೈ ಸೇರಿಸಿ, ತಮ್ಮ ಕೈಯನ್ನ ಪಕ್ಕಕ್ಕಿಟ್ಟು ನೋಡಿದರು. ಅವರ ಬೆರಳು ನನ್ನ ಬಳೆಯ ಹತ್ತಿರವೇ ಮುಗಿದುಹೋಯ್ತು.

"ಅಯ್ಯೋ ನನ್ನವ್ವಾ! ನಾಯಿ ಬರೀ ಕಾಲಿಗೆ ಕಚ್ಚಿತ್ತು ಕಣಮ್ಮಾ!" ಅಂತ ಹಣೆ ಚಚ್ಕೊಂಡರು. ಆಮೇಲೆ ಹೆದರಿದ ದನಿಯಲ್ಲಿ, "ಇನ್ನೂ ಡೋಸ್ ಇದೆಯಾ?" ಅಂದರು.

"ಇಲ್ಲ, ಮುಗೀತು."

"ಸದ್ಯ, ಬದುಕಿಕೊಂಡೆ!" ಅಂತ ಕೈ ಮುಗಿದರು. ನನಗೆ ಬೇಕಾಗಿದ್ದೂ ಅದೇ. ನಗು, ಅಳು ಎರಡೂ ಒಟ್ಟಿಗೇ ಬಂತು.

ಆಮೇಲಿಂದ ಆ ಬೀದಿಯಲ್ಲಿ ಯಾರಿಗೆ ನಾಯಿ ಕಚ್ಚಿದರೂ ಮೊದಲು ಬುದ್ಧಿ ಹೇಳೋದು ಹೂವಿನಮ್ಮನೇ. ಮೊನ್ನೆ ಅಲ್ಲಿನ ಚಿನ್ನದ ಅಂಗಡಿ ಯಜಮಾನರು ಎರಡನೇ ಡೋಸಿಗೆ ಒಂದು ದಿನ ಮುಂಚೆಯೇ ಓಡಿ ಬಂದರು.

"ನಾಳೆ ಬರಬೇಕಿತ್ತು ಸಾರ್," ಅಂದೆ.

"ನಾಳೆನೂ ಬರ್ತೀನಿ, ಆಮೇಲೆ ಯಾವಾಗ ಕರೆದ್ರೂ ಬರ್ತೀನಿ ಸಿಸ್ಟರ್," ಅಂತ ಅವರು ಕೈ ಮುಗಿದರು. "ನೀವು ಮಾತ್ರ ದಯವಿಟ್ಟು ನಮ್ಮ ಅಂಗಡೀಲಿ ಬಂದು ಕೂರಬೇಡಿ!"