ಸೂಗಪ್ಪನ ಹರಿಕೇನ್ ಮತ್ತು ಎಡದಂಡೆಯ ಗುಬ್ಬಿಗಳು

ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿಯಲ್ಲಿ ಸಿಂಧನೂರು ತಾಲೂಕಿನಲ್ಲಿ ಒಂದು ಯುದ್ಧವಿಮಾನವಿತ್ತು. ಅದು ಸುಸ್ಥಿತಿಯಲ್ಲಿತ್ತು, ಹಾರುತ್ತಿತ್ತು, ಮತ್ತು ಅದನ್ನು ಬಿದಿರು, ಹಾಲವಾಣದ ಕಟ್ಟಿಗೆ ಹಾಗೂ ಕರೆಮ್ಮನ ಎರಡು ಸೀರೆಗಳಿಂದ ಮಾಡಲಾಗಿತ್ತು.

ಕರೆಮ್ಮ ತುರ್ವಿಹಾಳದ ಸೂಗಪ್ಪನ ಹೆಂಡತಿ. ಸೂಗಪ್ಪ ಹದಿನೈದು ವರ್ಷ ವಾಯುಪಡೆಯಲ್ಲಿ ದುಡಿದು, ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಊರಿಗೆ ಬಂದು, ಸಿಂಧನೂರಿನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಅಂಗಡಿ ಇಟ್ಟವನು. ಮಹಾಯುದ್ಧದ ಕಾಲದ ಹರಿಕೇನ್ ಎಂಬ ವಿಮಾನದ ಹಿಂಭಾಗಕ್ಕೆ ತಗಡಿರಲಿಲ್ಲ, ಬಟ್ಟೆಯಿತ್ತು. ಅದು ಹರಿದಾಗಲೆಲ್ಲ ಹೊಲಿಯುವುದು ಸೂಗಪ್ಪನ ಕೆಲಸವಾಗಿತ್ತು. ಅವನು ಹೊಲಿದ ವಿಮಾನದಲ್ಲಿ ಬೇರೆಯವರು ಹಾರಿದರು, ಅವನು ಕೆಳಗೆ ನಿಂತು ನೋಡಿದ. ಹರಿಕೇನಿಗೆ ಇದ್ದದ್ದು ಒಂದೇ ಸೀಟು, ಅದು ಸಾಹೇಬರದು.

ಊರಿನಲ್ಲಿ ಹರಿಕೇನ್ ಅಂದರೆ ಕಂದೀಲು. ಹೀಗಾಗಿ ಸೂಗಪ್ಪ ಮಿಲಿಟರಿಯಲ್ಲಿ ಕಂದೀಲು ರಿಪೇರಿ ಮಾಡುತ್ತಿದ್ದನೆಂದು ತುರ್ವಿಹಾಳದವರು ನಂಬಿ, ಬುರುಡೆ ಒಡೆದ ಕಂದೀಲುಗಳನ್ನು ಅವನ ಮನೆಗೆ ತಂದಿಡುತ್ತಿದ್ದರು. ಅವನು ತಕರಾರು ಮಾಡದೆ ರಿಪೇರಿ ಮಾಡಿಕೊಡುತ್ತಿದ್ದ.

ದಿನವೂ ಸಂಜೆ ಅಂಗಡಿ ಮುಚ್ಚಿದ ಮೇಲೆ, ಎರಡು ವರ್ಷ ಅವನು ವಿಮಾನ ಕಟ್ಟಿದ. ನಿಜವಾದ ಹರಿಕೇನಿನ ಕಾಲುಭಾಗ: ರೆಕ್ಕೆಯ ತುದಿಯಿಂದ ತುದಿಗೆ ಹತ್ತಡಿ, ಮೂಗಿನಿಂದ ಬಾಲಕ್ಕೆ ಎಂಟಡಿ. ಭತ್ತಕ್ಕೆ ಔಷಧ ಹೊಡೆಯುವ ಹಳೆಯ ಮಷೀನೊಂದರ ಎಂಜಿನ್ನು ಮೂಗಿಗೆ ಕೂತಿತು. ಸೀರೆಗೆ ಗಂಜಿ ಹಾಕಿ, ಬಿಗಿದು, ಮೇಲೆ ವಾರ್ನಿಷ್ ಬಳಿದ. ರೆಕ್ಕೆಗೆ ಹಸಿರು-ಕಂದು ಮಚ್ಚೆ, ಹೊಟ್ಟೆಗೆ ಆಕಾಶದ ಬಣ್ಣ. ರಾಯಚೂರಿನಿಂದ ರೇಡಿಯೋ ಸಾಮಾನು ತಂದು ಊಟದ ಡಬ್ಬಿಯೊಳಗೆ ನಾಲ್ಕು ಗುಂಡಿಗಳನ್ನು ಕೂರಿಸಿದ. ಗುಂಡಿ ಒತ್ತಿದರೆ ನೂರು ಮಾರು ದೂರದಲ್ಲಿ, ಯಾವ ತಂತಿಯೂ ಇಲ್ಲದೆ, ವಿಮಾನದ ಬಾಲ ಅಲುಗಾಡುತ್ತಿತ್ತು. ಸೀಟಿನಲ್ಲಿ ಮೀಸೆಯುಳ್ಳ ಕಟ್ಟಿಗೆಯ ಬೊಂಬೆಯೊಂದನ್ನು ಕೂರಿಸಿದ. ಮೀಸೆ ತನ್ನದೇ ಮಾದರಿಯದು.

"ಇದು ಹಾರ್ತೈತೇನು?" ಎಂದು ಕರೆಮ್ಮ ಕೇಳಿದಳು.

"ಹಾರ್ತೈತಿ."

"ನೀ ಎಲ್ಲಿ ಕುಂದ್ರತಿ?"

"ನಾ ಕುಂದ್ರಂಗಿಲ್ಲ. ನೆಲದ ಮ್ಯಾಲೆ ನಿಂತು ಹಾರಸ್ತೀನಿ."

"ಹದಿನೈದು ವರ್ಷ ನೆಲದ ಮ್ಯಾಲೇ ನಿಂತಿದ್ದಿ. ಮತ್ತ ಅದನ್ನ ಮಾಡಾಕತ್ತೀಯಲ್ಲ?"

"ಆಗ ಅದು ಅವರ ಕೈಯಾಗಿತ್ತು," ಎಂದ ಸೂಗಪ್ಪ. "ಈಗ ನನ್ನ ಕೈಯಾಗ ಇರ್ತೈತಿ."

ಅಲ್ಲಿಯವರೆಗೆ ಕರೆಮ್ಮ ಕೊಟ್ಟದ್ದು ಒಂದೇ ಸೀರೆ. ಮರುದಿನ ಎರಡನೆಯದನ್ನೂ ಕೊಟ್ಟಳು.

ಕಾಲುವೆ ಏರಿಯ ಗರಸುಮಣ್ಣಿನ ರಸ್ತೆಯ ಮೇಲೆ ಒಂದು ಮುಂಜಾನೆ ಹರಿಕೇನ್ ಓಡಿತು, ಕುಪ್ಪಳಿಸಿತು, ಎದ್ದಿತು. ಸೂಗಪ್ಪ ಗುಂಡಿ ಒತ್ತಿ ಅದನ್ನು ಗದ್ದೆಗಳ ಕಡೆ ತಿರುಗಿಸಿದ. ಅದು ತಿಮ್ಮವ್ವನ ಗದ್ದೆಯ ಮೇಲೆ ಒಂದು ಸುತ್ತು ಹೊಡೆಯಿತು. ತಿಮ್ಮವ್ವ ಹಾಲು ತುಂಬಿದ ತೆನೆ ಕಾಯಲು ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದ ಮುದುಕಿ. ಸಾವಿರಾರು ಗುಬ್ಬಿಗಳು ಒಟ್ಟಿಗೇ ಎದ್ದು ಮಸ್ಕಿ ದಿಕ್ಕಿಗೆ ಹೋದವು, ತಿರುಗಿ ಬರಲಿಲ್ಲ.

"ಏ ಸೂಗಪ್ಪಾ," ಎಂದು ತಿಮ್ಮವ್ವ ಅಟ್ಟದಿಂದ ಕೂಗಿದಳು, "ನಿನ್ನ ಕಂದೀಲು ಭಾಳ ಚಲೋ ಐತಪ್ಪಾ! ನಾಳೀಗೂ ಹಚ್ಚು!"

ಸೂಗಪ್ಪ ಮರುದಿನವೂ ಹಾರಿಸಿದ, ಅದರ ಮರುದಿನವೂ. ಮೂರು ವಾರದಲ್ಲಿ ತುರ್ವಿಹಾಳದಿಂದ ಸಾಲಗುಂದದವರೆಗೆ ಗದ್ದೆಗಳಲ್ಲಿ ಒಂದು ಗುಬ್ಬಿಯೂ ಉಳಿಯಲಿಲ್ಲ. ಇದರಿಂದ ಎಲ್ಲರಿಗೂ ಸಂತೋಷವಾಯಿತು, ಎಡದಂಡೆ ಗುಬ್ಬಿ ನಿಯಂತ್ರಣ ಕಚೇರಿಯೊಂದನ್ನು ಬಿಟ್ಟು.

ಈ ಕಚೇರಿ ಸಿಂಧನೂರಿನಲ್ಲಿತ್ತು. ಹದಿನಾಲ್ಕು ಜನ ಸಿಬ್ಬಂದಿ, ಒಂದು ಜೀಪು. ಗುಬ್ಬಿಗಳು ಏಳು ದಿನದೊಳಗೆ ಗದ್ದೆ ಖಾಲಿ ಮಾಡತಕ್ಕದ್ದೆಂದು ಬೇವಿನ ಮರಗಳಿಗೆ ನೋಟಿಸು ಅಂಟಿಸುವುದು ಅದರ ಮುಖ್ಯ ಕಾರ್ಯ. ಗುಬ್ಬಿಗಳಿಗೆ ಓದು ಬರುವುದಿಲ್ಲವೆಂಬ ಆಕ್ಷೇಪಣೆ ಬಂದ ಮೇಲೆ, ಜೀಪಿಗೆ ಮೈಕು ಕಟ್ಟಿ ನೋಟಿಸನ್ನು ಗಟ್ಟಿಯಾಗಿ ಓದಿಸುವ ಸುಧಾರಣೆಯನ್ನೂ ಜಾರಿಗೆ ತರಲಾಗಿತ್ತು. ಗುಬ್ಬಿಗಳು ಇರುವವರೆಗೆ ಕಚೇರಿ ಇರತಕ್ಕದ್ದು ಎಂದು ಅದರ ಸ್ಥಾಪನೆಯ ಹುಕುಮಿನಲ್ಲೇ ಬರೆದಿತ್ತು. ಅಧಿಕಾರಿ ಕನಕರಾಯ ಸಾಹೇಬರು ಆ ಸಾಲನ್ನು ಮತ್ತೊಮ್ಮೆ ಓದಿ, ಸೂಗಪ್ಪನನ್ನು ಕರೆಸಿದರು.

"ವಿಮಾನ ನೋಂದಣಿ ಆಗೈತೇನು?"

"ಇಲ್ರೀ. ಅದು ಹವ್ಯಾಸಕ್ಕ ಮಾಡೀನ್ರೀ."

"ಅರ್ಜಿಯಾಗ ಹವ್ಯಾಸಕ್ಕ ಖಾನೆ ಇಲ್ಲ." ಸಾಹೇಬರು ಗುಮಾಸ್ತ ಬಾಬುಸಾಬನ ಕಡೆ ತಿರುಗಿದರು. "ಬರಕೋರಿ. ಯಾವ ಜಾತಿ ವಿಮಾನ?"

"ಯುದ್ಧವಿಮಾನರೀ."

"ಯುದ್ಧ ಯಾರ ಮ್ಯಾಲೆ?"

"ಯಾರ ಮ್ಯಾಲೂ ಇಲ್ರೀ."

"ಶತ್ರು ಅಂತ ಒಂದು ಖಾನೆ ಐತಿ. ಖಾಲಿ ಬಿಟ್ರ ಅರ್ಜಿ ವಾಪಸ್ ಬರ್ತೈತಿ," ಎಂದ ಬಾಬುಸಾಬ್, ಬಹಳ ಮೆತ್ತಗೆ. ಅವನ ಮನೆಯ ಕಂದೀಲನ್ನು ಸೂಗಪ್ಪನೇ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದ.

ಸೂಗಪ್ಪ ತಲೆ ಕೆರೆದುಕೊಂಡ. "ಹಂಗಾರ ಗುಬ್ಬಿ ಅಂತ ಬರೀರಿ."

ಬಾಬುಸಾಬ್ ಬರೆದ. ಸಾಹೇಬರು ಸಹಿ ಮಾಡಿ ಮೊಹರು ಒತ್ತಿದರು. ಆ ಕ್ಷಣದಿಂದ ಎಡದಂಡೆಯಲ್ಲಿ ಯುದ್ಧ ಜಾರಿಯಾಯಿತು.

ಮರುದಿನ ಜೀಪಿನ ಮೈಕು ಊರೂರಿಗೆ ಪ್ರಕಟಣೆ ಓದಿತು: "ಸಮಸ್ತ ರೈತಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ಗುಬ್ಬಿಗಳೊಂದಿಗೆ ಯುದ್ಧ ಆರಂಭವಾಗಿರುತ್ತದೆ. ಯುದ್ಧ ಮುಗಿಯುವವರೆಗೆ ಯಾರೂ ಖಾಸಗಿಯಾಗಿ ಗುಬ್ಬಿ ಓಡಿಸಕೂಡದು. ಕವಣೆಗಳನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಬೆದರುಬೊಂಬೆಗಳನ್ನು ಸೈನಿಕರೆಂದು ಪರಿಗಣಿಸಲಾಗುವುದರಿಂದ ಅವುಗಳ ಹೆಸರು, ತಂದೆಯ ಹೆಸರು ಬರೆಸತಕ್ಕದ್ದು."

ಯುದ್ಧ ಸರ್ಕಾರದ್ದಾದ್ದರಿಂದ ಯುದ್ಧವಿಮಾನವನ್ನು ಕಚೇರಿ ವಶಕ್ಕೆ ತೆಗೆದುಕೊಂಡಿತು, ಅದಕ್ಕೊಬ್ಬ ಪೈಲಟ್ ಬೇಕಾಯಿತು. ಆ ಹುದ್ದೆಗೆ ಕನಕರಾಯ ಸಾಹೇಬರ ಹೆಂಡತಿಯ ತಮ್ಮ ಆದೆಪ್ಪ ನೇಮಕನಾದ. ಆದೆಪ್ಪ ಅಟ್ಟ ಹತ್ತಿದರೂ ತಲೆತಿರುಗಿ ಬೀಳುವ ಮನುಷ್ಯ. ವಿಮಾನ ನೆಲದಲ್ಲಿ ನಿಂತೇ ಹಾರಿಸುವಂಥದ್ದು ಎಂದು ಗೊತ್ತಾದ ಮೇಲೆ ಅವನು ಧೈರ್ಯವಾಗಿ ಒಪ್ಪಿಕೊಂಡ. ಸೀಟಿನಲ್ಲಿದ್ದ ಮೀಸೆಯ ಬೊಂಬೆಯನ್ನು ಅನಧಿಕೃತ ವ್ಯಕ್ತಿಯೆಂದು ಹೊರಗೆ ತೆಗೆಯಲಾಯಿತು. ಊಟದ ಡಬ್ಬಿಯನ್ನು ಸೂಗಪ್ಪನ ಕೈಯಿಂದ ಇಸಿದುಕೊಳ್ಳಲಾಯಿತು.

"ಸಾಹೇಬ್ರ, ನಾನ ಹಾರಸ್ತೀನಿ. ಪಗಾರ ಬ್ಯಾಡ್ರೀ," ಎಂದು ಸೂಗಪ್ಪ ಕೈಮುಗಿದ.

"ಪಗಾರ ಇಲ್ದ ಕೆಲಸ ಮಾಡೋರನ್ನ ಸರ್ಕಾರ ಹೆಂಗ ನಂಬಬೇಕು?" ಎಂದರು ಕನಕರಾಯ ಸಾಹೇಬರು.

ಆದೆಪ್ಪ ವಿಮಾನವನ್ನು ಒಂದು ದಿನವೂ ಹಾರಿಸಲಿಲ್ಲ. ಯುದ್ಧಕ್ಕೆಂದು ಬಂದ ಪೆಟ್ರೋಲು ಜೀಪಿಗೆ ಹೋಯಿತು, ಜೀಪು ಆದೆಪ್ಪನ ಮದುವೆಗೆ ಹೆಣ್ಣು ನೋಡಲು ದಢೇಸುಗೂರಿಗೆ ಹೋಯಿತು. ಹರಿಕೇನ್ ಕಚೇರಿಯ ಹಿಂದಿನ ಬಯಲಿನಲ್ಲಿ ಬಿಸಿಲಿಗೆ ನಿಂತಿತ್ತು. ಸೂಗಪ್ಪ ದಿನವೂ ಬೇಲಿಯಾಚೆ ಬಂದು ನಿಂತು, ರೆಕ್ಕೆಯ ವಾರ್ನಿಷ್ ಬಿರುಕು ಬಿಡುವುದನ್ನು ನೋಡಿ ಹೋಗುತ್ತಿದ್ದ.

ಈ ನಡುವೆ ಮಸ್ಕಿಯಿಂದ ಒಂದು ಅರ್ಜಿ ಲಿಂಗಸೂಗೂರಿನ ಮೇಲಿನ ಕಚೇರಿಗೆ ಮುಟ್ಟಿತು. ಸಿಂಧನೂರಿನ ಗುಬ್ಬಿಗಳು ಯುದ್ಧಕ್ಕೆ ಹೆದರಿ ಬಂದು ತಮ್ಮ ಜೋಳದಲ್ಲಿ ಬೀಡುಬಿಟ್ಟಿವೆ, ಅವು ತಮ್ಮ ತಾಲೂಕಿನವಲ್ಲ, ಅವನ್ನು ವಾಪಸು ಕರೆಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಲಿಂಗಸೂಗೂರಿನವರು ಗುಬ್ಬಿಗಳು ನಿರಾಶ್ರಿತವೆಂದು ತೀರ್ಮಾನಿಸಿ, ಕೂಡಲೇ ಕದನವಿರಾಮ ಮಾಡಿಕೊಳ್ಳಲು ಹುಕುಂ ಕಳಿಸಿದರು.

ಸಂಧಾನ ಸಭೆ ಮಸ್ಕಿಯ ಪ್ರವಾಸಿ ಬಂಗಲೆಯಲ್ಲಿ ಸೇರಿತು. ಮೇಜಿನ ಒಂದು ಕಡೆ ಕನಕರಾಯ ಸಾಹೇಬರು ಕೂತರು. ಗುಬ್ಬಿಗಳ ಕಡೆಯ ಕುರ್ಚಿ ಖಾಲಿಯಿತ್ತು. ಒಂದೇ ಪಕ್ಷದವರು ಕೂತು ಮಾಡಿಕೊಂಡ ಒಪ್ಪಂದ ಕಾನೂನಿಗೆ ನಿಲ್ಲುವುದಿಲ್ಲ ಎಂದು ಬಾಬುಸಾಬ್ ನೆನಪಿಸಿದ. ಸಾಹೇಬರು ಆದೆಪ್ಪನ ಕಡೆ ತಿರುಗಿ, "ನೀ ಆ ಕಡೆ ಕುಂದ್ರಲೇ," ಎಂದರು. ಆದೆಪ್ಪ ಎದ್ದು ಹೋಗಿ ಆ ಕಡೆ ಕೂತ. ಹೀಗೆ ವಾಯುಪಡೆಯ ಪೈಲಟ್ ಹುದ್ದೆಗೆ ರಾಜೀನಾಮೆಯಿತ್ತು ಅವನು ಗುಬ್ಬಿಗಳ ಪ್ರತಿನಿಧಿಯಾದ.

ಬಾಬುಸಾಬ್ ಕರಾರು ಓದಿದ. ಯುದ್ಧದಿಂದ ನೊಂದ ಗುಬ್ಬಿಗಳಿಗೆ ರೈತರು ಪ್ರತಿ ಇಪ್ಪತ್ತು ಚೀಲ ಭತ್ತಕ್ಕೆ ಒಂದು ಚೀಲ ಕೊಡತಕ್ಕದ್ದು. ಗುಬ್ಬಿಗಳಿಗೆ ಚೀಲ ಹೊರಲು ಆಗದ ಕಾರಣ ಅವುಗಳ ಪ್ರತಿನಿಧಿ ಸ್ವೀಕರಿಸತಕ್ಕದ್ದು. ಗುಬ್ಬಿಗಳ ಸಂಖ್ಯೆ ಹೆಚ್ಚಿದಂತೆ ಪಾಲೂ ಹೆಚ್ಚತಕ್ಕದ್ದು. ಕಾಗೆ, ಪಾರಿವಾಳ, ಬೆಳ್ಳಕ್ಕಿಗಳೂ ಲೆಕ್ಕಕ್ಕೆ ಬರಲೆಂದು ಸಾಹೇಬರು ತಾವೇ ಒಂದು ಕಲಮು ಸೇರಿಸಿದ್ದರು: "ಗುಬ್ಬಿ ಎಂದರೆ ರೆಕ್ಕೆ ಮತ್ತು ಬಾಲವುಳ್ಳ, ಎಡದಂಡೆಯಲ್ಲಿ ಹುಟ್ಟಿದ, ಭತ್ತದ ಗದ್ದೆಯ ಮೇಲೆ ಹಾರುವ ಯಾವುದಾದರೂ ಆಗಿದ್ದು, ಅದರ ಗಾತ್ರ ಮತ್ತು ಬಣ್ಣವನ್ನು ಯಾರೂ ಪ್ರಶ್ನಿಸಕೂಡದು." ಕೊನೆಯದಾಗಿ, ಯುದ್ಧವಿಮಾನವನ್ನು ಕಚೇರಿಯ ಕೋಣೆಯಲ್ಲಿ ಶಾಶ್ವತವಾಗಿ ಬೀಗ ಹಾಕಿ ಇಡತಕ್ಕದ್ದು.

"ಆಕ್ಷೇಪಣೆ ಐತೇನು?" ಎಂದು ಸಾಹೇಬರು ಕೇಳಿದರು.

"ಐತ್ರೀ," ಎಂದ ಬಾಗಿಲ ಬಳಿ ನಿಂತಿದ್ದ ಸೂಗಪ್ಪ.

"ನಿನ್ನ ಕೇಳಲಿಲ್ಲ. ನೀ ಯಾವ ಪಕ್ಷದಾಗೂ ಇಲ್ಲ."

ಆಗ ಬೆಳಕಿಂಡಿಯಿಂದ ಒಂದು ಗುಬ್ಬಿ ಒಳಗೆ ಬಂದು, ತೊಲೆಯ ಮೇಲೆ ಕೂತು ಮೂರು ಸಲ ಚಿಂವ್ ಎಂದಿತು. ಒಪ್ಪಂದಕ್ಕೆ ಎದುರು ಪಕ್ಷ ಮೂರು ಬಾರಿ ಸಮ್ಮತಿ ಸೂಚಿಸಿತೆಂದು ನಡಾವಳಿಯಲ್ಲಿ ಬರೆಯಲಾಯಿತು.

ಕಚೇರಿಯ ಆ ಕೋಣೆಯ ಬಾಗಿಲು ಮೂರಡಿ, ಹರಿಕೇನಿನ ರೆಕ್ಕೆ ಹತ್ತಡಿ. ಬಾಗಿಲು ಸರ್ಕಾರದ್ದಾಗಿದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ. ರೆಕ್ಕೆಗಳನ್ನು ಗರಗಸದಿಂದ ಕೊಯ್ದರು. ಕೊಯ್ಯುವಾಗ ಸೂಗಪ್ಪ ಅಲ್ಲೇ ಇದ್ದ. ಗರಗಸ ಬಟ್ಟೆಗೆ ತಾಗಿ ಸೀರೆ ಪರ್ರೆಂದಾಗ, ಸೂಜಿ ಹುಡುಕುವವನಂತೆ ಅವನ ಕೈ ತಾನಾಗಿ ಜೇಬಿನೊಳಗೆ ಹೋಯಿತು.

ಆಮೇಲೆ ಒಂದು ತಿಂಗಳು ಅವನು ಅಂಗಡಿ ತೆರೆಯಲಿಲ್ಲ. ಗುಬ್ಬಿಗಳು ಮಸ್ಕಿಯಿಂದ ಮರಳಿ ಬಂದು ತೆನೆ ತಿಂದವು, ಸುಗ್ಗಿಯಾದ ಮೇಲೆ ಆದೆಪ್ಪ ಬಂದು ಅವುಗಳ ಪಾಲು ಒಯ್ದ. ಗುಬ್ಬಿಗಳ ಪರವಾಗಿ ಉಂಡುಂಡು ಆದೆಪ್ಪನ ಅಂಗಿಯ ಗುಂಡಿ ಹಾಕಲು ಬಾರದಂತಾಯಿತು. ಜನ ಗೊಣಗಿದರು, ಕೊಟ್ಟರು.

ಒಂದು ಸಂಜೆ ಕರೆಮ್ಮ ಸೂಗಪ್ಪನ ಮುಂದೆ ಒಂದು ಗಂಟು ತಂದು ಇಳಿಸಿದಳು. ಬಿಚ್ಚಿದರೆ ಅವಳ ಇನ್ನೊಂದು ಸೀರೆ, ತಿಮ್ಮವ್ವನ ಗಂಡನ ಹಳೆಯ ಧೋತರ, ಓಣಿಯವರು ಕೊಟ್ಟ ರುಮಾಲು.

"ಇನ್ನೊಂದು ಕಟ್ಟು," ಎಂದಳು.

"ಕಟ್ಟಿದ್ರ ಅದನ್ನೂ ಒಯ್ತಾರ."

"ಒಯ್ಲಿ. ನೀ ಹಿಂಗ ಗ್ವಾಡಿ ನೋಡಕೋತ ಕುಂತದ್ದು ನನಗ ನೋಡಾಕ ಆಗವಲ್ದು."

ಸೂಗಪ್ಪ ಕಟ್ಟಿದ. ಕಟ್ಟಿ ಮುಗಿದ ದಿನ ಬಾಬುಸಾಬ್ ಸೈಕಲ್ ಮೇಲೆ ತುರ್ವಿಹಾಳಕ್ಕೆ ಬಂದು, ವಿಮಾನದ ಸುತ್ತ ಒಮ್ಮೆ ನಡೆದು, "ರೆಕ್ಕಿ ಅದಾವು?" ಎಂದು ಕೇಳಿದ.

"ಅದಾವ್ರೀ."

"ಬಾಲ?"

"ಐತ್ರೀ."

"ಎಲ್ಲಿ ಹುಟ್ಟೈತಿ?"

"ಇಲ್ಲೇ, ನಮ್ಮ ಹಿತ್ತಲದಾಗ."

"ಹಂಗಾರ ಇದು ವಿಮಾನ ಅಲ್ಲ," ಎಂದ ಬಾಬುಸಾಬ್, ನಗದೆ. "ನಾಳೆ ಅರ್ಜಿ ತಗೊಂಡು ಕಚೇರಿಗೆ ಬರ್ರಿ. ನೀವು ಬಾಯಿ ಬಿಡಬ್ಯಾಡ್ರಿ, ನಾ ಮಾತಾಡ್ತೀನಿ."

ಕನಕರಾಯ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. "ಹತ್ತಡಿ ಗುಬ್ಬಿ?"

"ಗಾತ್ರ ಪ್ರಶ್ನಿಸಕೂಡದು ಅಂತ ಐತ್ರೀ, ಸಾಹೇಬ್ರ. ತಾವ ಬರಸಿದ್ದು," ಎಂದ ಬಾಬುಸಾಬ್. "ತೂಕದ ಪ್ರಕಾರ ಇದು ಸಾದಾ ಗುಬ್ಬಿ ಸಾವಿರಕ್ಕ ಸಮ ಆಗ್ತೈತಿ. ಪಾಲೂ ಹಂಗ ಹೆಚ್ಚಾಗ್ತೈತಿ."

ಪ್ರತಿನಿಧಿಯಾಗಿ ಪಕ್ಕದಲ್ಲೇ ಕೂತಿದ್ದ ಆದೆಪ್ಪ, "ಇಂಥಾವು ಇನ್ನೂ ನಾಕು ಇದ್ರ ಚಲೋ ಇತ್ತು," ಎಂದ. ಸಾಹೇಬರು ಸಹಿ ಮಾಡಿದರು. ಸದರಿ ಗುಬ್ಬಿಯ ಹಾರಾಟಕ್ಕೆ ಯಾರೂ ಅಡ್ಡಿಪಡಿಸಕೂಡದೆಂದು ಮೊಹರು ಒತ್ತಿದ ಪತ್ರವನ್ನು ಸೂಗಪ್ಪ ಎರಡೂ ಕೈಯಲ್ಲಿ ಇಸಿದುಕೊಂಡ.

ಮರುದಿನ ಮುಂಜಾನೆ ಅವನು ಕಾಲುವೆ ಏರಿಯ ಮೇಲೆ ನಿಂತು, ಹೊಸ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು ಗುಂಡಿ ಒತ್ತಿದ. ಹರಿಕೇನ್ ಗುಡುಗುತ್ತ ಎದ್ದು, ನೀರಿನ ಮೇಲೆ ತನ್ನ ನೆರಳನ್ನು ಎಳೆದುಕೊಂಡು ಹೋಗಿ, ಗದ್ದೆಗಳಾಚೆ ವಾಲಿ ತಿರುಗಿತು. ಸೂಗಪ್ಪನ ಕಣ್ಣಲ್ಲಿ ನೀರು ಬಂತು. ಎರಡೂ ಕೈ ಡಬ್ಬಿಯ ಮೇಲಿದ್ದುದರಿಂದ ಒರೆಸಿಕೊಳ್ಳಲಿಲ್ಲ.

ಸಿಂಧನೂರಿಗೆ ಹೊರಟಿದ್ದ ಬಸ್ಸು ರಸ್ತೆಯಲ್ಲಿ ನಿಂತಿತು. ಆ ದಾರಿಗೆ ಹೊಸಬನಾದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿ, "ಏನ್ರೀ ಅದು?" ಎಂದು ಕೇಳಿದ.

"ಗುಬ್ಬಿ," ಎಂದರು ಬಸ್ಸಿನಲ್ಲಿದ್ದವರೆಲ್ಲ.

ಡ್ರೈವರ್ ಅದು ಇನ್ನೊಂದು ಸುತ್ತು ಬರುವವರೆಗೂ ನೋಡಿದ. "ಈ ಕಡೀವು ಸ್ವಲ್ಪ ದಪ್ಪ ಅದಾವು."

"ಕಾಲುವಿ ನೀರ್ರೀ," ಎಂದಳು ಕಿಟಕಿಯ ಪಕ್ಕ ಕೂತಿದ್ದ ತಿಮ್ಮವ್ವ. ಡ್ರೈವರ್ ಹೌದೆಂದು ತಲೆಯಾಡಿಸಿ ಗೇರು ಹಾಕಿದ.