ಹಡಗಿಗೆ ಮೂರೇ ಸೀಟು

ಯಾವುದನ್ನು ಅದು ಬರುವುದಕ್ಕೆ ಮುಂಚೆಯೇ ಜನ ವಿಪರೀತ ಹೊಗಳುತ್ತಾರೋ ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ತಾನೇ ನೆಲ ಗುಡಿಸುವ ಯಂತ್ರ ಬಂದಾಗ ಅದು ಗುಡಿಸುತ್ತ ಗುಡಿಸುತ್ತ ಗೇಟು ದಾಟಿ ಎದುರುಮನೆಯ ರಂಗೋಲಿಯನ್ನೂ ಗುಡಿಸಿ ಬಂತು. ಈ ಸಲದ್ದು ಒಂದು ಆನ್‌ಲೈನ್ ಆಟ.

ಆಟದ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೆ ಇನ್ನಷ್ಟು ಪ್ರಚಾರ. ಈಗಾಗಲೇ ಸಿಕ್ಕಿರುವುದೇ ಅನ್ಯಾಯ. ಎರಡು ವರ್ಷ ಜಾಹೀರಾತು ಓಡಿತು. ಕೆಂಪು ಗ್ರಹ, ಉರಿಯುವ ಆಕಾಶ, ನೆಗಡಿಯಾದವನ ದನಿಯಲ್ಲಿ ಒಬ್ಬ ‘ಮನುಕುಲದ ಕೊನೆಯ ಅವಕಾಶ’ ಎನ್ನುವುದು. ಆಟ ಇಷ್ಟೇ: ಸಿಡಿಯಲಿರುವ ಒಂದು ಗ್ರಹಕ್ಕೆ ಮೂರು ಮೂರು ಜನರ ತಂಡಗಳು ಇಳಿಯುತ್ತವೆ. ರಾಕ್ಷಸ ಪ್ರಾಣಿಗಳನ್ನೂ ಬೇರೆ ತಂಡದವರನ್ನೂ ಹೊಡೆದು, ಸಿಕ್ಕಿದ್ದನ್ನು ಚೀಲಕ್ಕೆ ತುಂಬಿ, ಕೊನೆಗೆ ಬರುವ ಒಂದೇ ಒಂದು ಹಡಗು ಹತ್ತಿ ಜೀವಂತ ವಾಪಸ್ ಬರಬೇಕು. ಹಡಗಿಗೆ ಮೂರೇ ಸೀಟು. ಉಳಿದವರು ಗ್ರಹದ ಜೊತೆ ಢಮಾರ್.

ನಾನು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸ್ ಕಳಿಸುತ್ತೇನೆ. ಅಷ್ಟು ಹೊಗಳಿಸಿಕೊಂಡ ವಸ್ತುವನ್ನು ಪರೀಕ್ಷೆ ಮಾಡದೆ ಬಿಡುವುದು ನನ್ನ ವೃತ್ತಿಗೇ ಅವಮಾನ. ಹಾಗಾಗಿ ಕೋಲಾರದ ನಮ್ಮ ಮನೆಯ ಹಾಲಿನಲ್ಲಿ, ಟಿವಿಯ ಮುಂದೆ, ಒಂದು ತಂಡ ತಯಾರಾಯಿತು. ನಾನು; ರಾಯಲ್ಪಾಡಿನಲ್ಲಿ ಮಾವು, ಟೊಮೆಟೊ ಬೆಳೆಯುವ ನನ್ನ ಭಾಮೈದ; ಕ್ಯಾಲನೂರಿನ ಕಡೆ ಹಾಲಿನ ಡೈರಿ ನೋಡಿಕೊಳ್ಳುವ, ನನಗೆ ಪರಿಚಯದ ಸೆಕ್ರೆಟರಿ.

ನನ್ನ ಆಟ ಟಿವಿಯಲ್ಲೇ ಆದ್ದರಿಂದ, ಎಂಟು ಗಂಟೆಯ ಧಾರಾವಾಹಿ ಕೈತಪ್ಪಿದ ಮೊದಲ ದಿನವೇ ನನ್ನ ಹೆಂಡತಿ ಷರತ್ತು ಹಾಕಿದಳು.

“ಬರೋ ಭಾನುವಾರದೊಳಗೆ ಒಂದೇ ಒಂದು ಸಲ ಜೀವಂತವಾಗಿ ವಾಪಸ್ ಬನ್ನಿ. ಟಿವಿ ನಿಮ್ಮದೇ. ಬರಲಿಲ್ಲ ಅಂದ್ರೆ ರಿಮೋಟ್ ನಂದು, ಶಾಶ್ವತವಾಗಿ.”

“ಆಗಲಿ,” ಎಂದೆ. ನಾನು ಮಾತು ಕೊಟ್ಟರೆ ಕೊಟ್ಟಂತೆ.

೧. ಕ್ರೇಟಿನೊಳಗಿನ ಕಂಪ್ಯೂಟರ್

ರಾಯಲ್ಪಾಡಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಮಾವಿನ ಮರ ಹತ್ತಬೇಕು. ಮರದ ಮೇಲೆ ಕೂತು ಯುದ್ಧ ಮಾಡಲಾದೀತೇ? ಭಾಮೈದ ತನ್ನ ಕಂಪ್ಯೂಟರನ್ನು ಹುಲ್ಲು ಹಾಸಿದ ಟೊಮೆಟೊ ಕ್ರೇಟಿನಲ್ಲಿಟ್ಟುಕೊಂಡು ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿದ.

ಕಂಡಕ್ಟರ್ ಕ್ರೇಟು ನೋಡಿ, “ಟೊಮೆಟೊಗೆ ಲಗೇಜ್ ತಗೊಳ್ರೀ,” ಅಂದ.

“ಟೊಮೆಟೊ ಅಲ್ಲಣ್ಣ, ಕಂಪ್ಯೂಟರ್.”

ಕಂಡಕ್ಟರ್ ಬಗ್ಗಿ ನೋಡಿದ. ಯೋಚಿಸಿದ. ಹಿಂದಿನ ಸೀಟಿನವರನ್ನೂ ಕೇಳಿದ. ಕೊನೆಗೆ ಹೇಳಿದ: “ಇದಕ್ಕೆ ರೇಟು ಎಷ್ಟು ಅಂತ ನಂಗೆ ಗೊತ್ತಿಲ್ಲ. ಟೊಮೆಟೊ ಅಂತ್ಲೇ ಒಪ್ಕೊಂಡುಬಿಡಿ, ಇಬ್ರಿಗೂ ನೆಮ್ಮದಿ.”

ಟಿಕೆಟ್ ತಗೊಂಡ ಮೇಲೆ ಭಾಮೈದನನ್ನು ಪಕ್ಕದ ಸೀಟಿನ ಹೆಂಗಸು ದಾರಿಯುದ್ದಕ್ಕೂ ಕೇಳಿದಳಂತೆ: “ಹಣ್ಣಾಗಿದೆಯೋ, ದೋರಗಾಯೋ?”

೨. ಸರದಿ

ಬಿಡುಗಡೆಯ ಸಂಜೆ ಆಟದ ಬಾಗಿಲು ತೆರೆಯಲಿಲ್ಲ. ‘ನೀವು ಸರದಿಯಲ್ಲಿದ್ದೀರಿ’ ಎಂದು ತೆರೆಯ ಮೇಲೆ ಬಂತು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಷರತ್ತುಗಳನ್ನು ಪೂರ್ತಿ ಓದದೆ ‘ಒಪ್ಪಿದೆ’ ಒತ್ತುವ ಅಭ್ಯಾಸ ನನಗಿಲ್ಲ. ಶುರುವಿನಿಂದ ಓದತೊಡಗಿದೆ.

“ಸಾರ್,” ಅಂದರು ಸೆಕ್ರೆಟರಿ, “ನೀವು ಓದಿ ಮುಗಿಸೋಷ್ಟರಲ್ಲಿ ಆ ಗ್ರಹದೋರು ಮನೆ ಕಟ್ಕೊಂಡು ನಮ್ಮನ್ನ ಗೃಹಪ್ರವೇಶಕ್ಕೆ ಕರೀತಾರೆ.”

ಅವರು ತಮ್ಮ ಲ್ಯಾಪ್‌ಟಾಪನ್ನು ಸರದಿಯಲ್ಲಿ ಬಿಟ್ಟು, ಅದರ ಮುಂದೆ ತಮ್ಮ ಖಾಲಿ ಟಿಫನ್ ಕ್ಯಾರಿಯರ್ ಇಟ್ಟು ಟೀ ಕುಡಿಯಲು ಹೋದರು. ವಾಪಸ್ ಬರುವಷ್ಟರಲ್ಲಿ ಆಟ ಅವರನ್ನು ‘ಯಾರೂ ಇಲ್ಲ’ ಎಂದು ಹೊರಗೆ ಹಾಕಿ ಸರದಿಯ ಕೊನೆಗೆ ತಳ್ಳಿತ್ತು.

ಸೆಕ್ರೆಟರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ನಮ್ಮ ಡೈರೀಲಿ ಬೆಳಿಗ್ಗೆ ಸಾಲಲ್ಲಿ ಕ್ಯಾನ್ ಇಟ್ಟು ಹೋದ್ರೆ, ಒಬ್ಬನೂ ಅದನ್ನ ಮುಟ್ಟಲ್ಲ ಸಾರ್! ಕ್ಯಾನ್ ಇದ್ರೆ ಮನುಷ್ಯ ಇದ್ದಂಗೆ. ಬಾಹ್ಯಾಕಾಶಕ್ಕೆ ಹೋಗೋರಿಗೆ ಇಷ್ಟು ತಿಳಿಯಲ್ವಾ?”

೩. ಮೊದಲ ಪ್ರಾಣಿ

ಅಂತೂ ಇಳಿದೆವು. ಜಾಹೀರಾತಿನಲ್ಲಿ ಆ ಪ್ರಾಣಿಯನ್ನು ತೋರಿಸಿದಾಗ ಮೈ ಜುಂ ಎಂದಿತ್ತು. ಇಲ್ಲಿ ನೋಡಿದರೆ ಅದರ ಹಿಂಗಾಲು ಎರಡೂ ಬಂಡೆಯೊಳಗೆ ಹೂತುಹೋಗಿವೆ, ತಲೆ ಮಾತ್ರ ಗಾಳಿಯಲ್ಲಿ ತನ್ನಷ್ಟಕ್ಕೆ ಗಿರಗಿರ ತಿರುಗುತ್ತಿದೆ. ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಅದೇ ಲಾರಿಯಲ್ಲಿ ವಾಪಸ್ ಕಳಿಸುತ್ತಿದ್ದೆ.

ಅಷ್ಟರಲ್ಲಿ ಇನ್ನೊಂದು ಬಂತು. ಇದು ಸರಿಯಾಗಿತ್ತು. ಎಂಟು ಕಾಲು, ಬೆನ್ನ ತುಂಬ ಮುಳ್ಳು, ನಮಗೆ ಬೆನ್ನು ತಿರುಗಿಸಿ ನಿಂತಿತ್ತು. ಹೊಡೆಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

“ಹೊಡೀಬೇಡಿ ಸಾರ್!” ಸೆಕ್ರೆಟರಿ ನನ್ನ ಕೈಯನ್ನೇ ಹಿಡಿದುಕೊಂಡರು. “ಹಿಂದಿನಿಂದ ನೋಡಿದ್ರೆ ಗೊತ್ತಾಗಲ್ವಾ? ಗಬ್ಬ ಆಗಿದೆ. ತಿಂಗಳು ತುಂಬಿದೆ.”

“ರೀ, ಅದು ಮೊಟ್ಟೆ ಇಡುವ ಜಾತಿ!”

“ಯಾವ ಜಾತಿ ಆದ್ರೇನು ಸಾರ್, ಬಸುರಿ ಬಸುರೀನೇ. ಹೊಟ್ಟೆ ಕೆಳಗೆ ಇಳಿದಿರೋದು ನೋಡಿ.”

ಈ ಚರ್ಚೆ ನಡೆಯುತ್ತಿರುವಾಗಲೇ ಅದು ತಿರುಗಿ ಮೊದಲು ನನ್ನನ್ನು, ಆಮೇಲೆ ಭಾಮೈದನನ್ನು, ಕೊನೆಗೆ ಸೆಕ್ರೆಟರಿಯನ್ನು ತಿಂದುಹಾಕಿತು. ನಾನು ಅವರ ಮುಖ ನೋಡಿದೆ. ಅವರು ಶಾಂತವಾಗಿ ಹೇಳಿದರು: “ಪಾಪ, ಅಂಥ ಟೈಮಲ್ಲಿ ಹಸಿವು ಜಾಸ್ತಿ ಸಾರ್.”

೪. ಕೂಗಿ ಕರೆಯದ ವ್ಯಾಪಾರಿ

ಗ್ರಹಕ್ಕೆ ಇಳಿಯುವ ಮೊದಲು ಆಕಾಶದಲ್ಲಿ ತೇಲುವ ಒಂದು ಕಟ್ಟೆಯ ಮೇಲೆ ಅಂಗಡಿ ಇದೆ. ಅಲ್ಲಿ ಒಂದು ರೋಬೋಟ್ ಬಂದೂಕು, ಮದ್ದು ಮಾರುತ್ತದೆ. ಬೆಲೆ ಬರೆದಿಟ್ಟಿರುತ್ತದೆ, ಒತ್ತಬೇಕು, ತಗೋಬೇಕು, ಅಷ್ಟೇ. ನನಗೆ ಆ ಆಟದಲ್ಲಿ ಮೆಚ್ಚುಗೆಯಾದ ಏಕೈಕ ವ್ಯವಸ್ಥೆ ಅದು.

ಭಾಮೈದನಿಗೆ ಒಗ್ಗಲಿಲ್ಲ. “ಬರೆದಿಟ್ಟ ರೇಟಿಗೆ ಯಾವನಾದ್ರೂ ಕೊಳ್ತಾನಾ ಭಾವ? ನೋಡ್ತಿರು.”

ಅವನು ರೋಬೋಟಿನ ಮುಂದೆ ನಿಂತ. ಬಂದೂಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂಗು ಮುರಿದ, ಅದು ರೋಬೋಟಿಗೆ ಕಾಣುವುದಿಲ್ಲ ಎಂದು ನಾನು ಹೇಳಿದರೂ ಕೇಳಲಿಲ್ಲ. ಆಮೇಲೆ ‘ನಂಗೇನೂ ಬೇಡ’ ಎನ್ನುವ ಹಾಗೆ ತಿರುಗಿ ಹೊರಟ.

“ಎಲ್ಲಿಗೋ?”

“ಸುಮ್ನಿರು ಭಾವ. ನಾಲ್ಕು ಹೆಜ್ಜೆ ಹೋದ್ರೆ ಅವನೇ ಕೂಗ್ತಾನೆ.”

ನಾಲ್ಕು ಹೆಜ್ಜೆ ಹೋದ. ರೋಬೋಟ್ ಕೂಗಲಿಲ್ಲ. ಇನ್ನಷ್ಟು ಹೋದ. ತಿರುಗಿ ನೋಡಿದರೆ ಬೆಲೆ ಇಳಿಯುವುದಿಲ್ಲವೆಂದು ತಿರುಗಿಯೂ ನೋಡಲಿಲ್ಲ. “ಮುಂದೆ ಕಟ್ಟೆ ಮುಗೀತು ಕಣೋ!” ಎಂದು ನಾನು ಅರಚಿದೆ. ಅವನು ಅದನ್ನೂ ವ್ಯಾಪಾರದ ಒಂದು ಉಪಾಯ ಅಂದುಕೊಂಡನೋ ಏನೋ, ಗಾಂಭೀರ್ಯದಿಂದ ಇನ್ನೊಂದು ಹೆಜ್ಜೆ ಇಟ್ಟು ಬಾಹ್ಯಾಕಾಶಕ್ಕೆ ಬಿದ್ದ.

ನಕ್ಷತ್ರಗಳ ನಡುವೆ ಉರುಳುತ್ತ ಚಿಕ್ಕದಾಗುತ್ತ ಹೋಗುವಾಗಲೂ ಕೇಳುತ್ತಿದ್ದ: “ಈಗ ಕೂಗಿದ್ನಾ ಭಾವ?”

೫. ಸಾರು ಏನು?

ಈ ಆಟದಲ್ಲಿ ಇನ್ನೊಂದು ವಿಶೇಷ. ಎದುರು ತಂಡದವರು ಹತ್ತಿರ ಬಂದರೆ ಅವರ ಮಾತು ನಮಗೆ ಕೇಳುತ್ತದೆ, ನಮ್ಮ ಹಾಲಿನಲ್ಲಿ ಆಡಿದ ಮಾತು ಅವರಿಗೆ ಕೇಳುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿರಬೇಕಿತ್ತು.

ಶುಕ್ರವಾರ ನಾವು ಮೂವರೂ ಒಂದು ಗುಹೆಯಲ್ಲಿ ಅಡಗಿದ್ದೆವು. ಚೀಲ ತುಂಬಿತ್ತು. ತಲೆಯ ಮೇಲೆ ಎದುರಾಳಿಗಳ ಹೆಜ್ಜೆ ಸದ್ದು. ಸೆಕ್ರೆಟರಿ ಉಸಿರು ಬಿಗಿಹಿಡಿದು ಕೆಂಪಾಗಿದ್ದರು. ಎದುರಾಳಿಗಳು ಹಾಗೇ ದಾಟಿ ಹೋಗಿದ್ದರೆ ಹಡಗು ನಮ್ಮದೇ.

ಅಡುಗೆಮನೆಯಿಂದ ದನಿ ಬಂತು: “ರೀ! ಮುದ್ದೆ ಆರಿ ಕಲ್ಲಾಗ್ತಿದೆ! ಬರ್ತೀರೋ ಇಲ್ವೋ?”

ಮೇಲೆ ಹೆಜ್ಜೆಗಳು ನಿಂತವು. ಟಿವಿಯೊಳಗಿಂದ ಬಹಳ ವಿನಯದ ಒಂದು ಪಡ್ಡೆ ದನಿ ಕೇಳಿತು: “ಸಾರು ಏನ್ ಆಂಟಿ?”

ಹಾಲಿನಲ್ಲಿ ಯಾರೋ ಹೊಸಬರು ಬಂದಿದ್ದಾರೆಂದುಕೊಂಡು ಅವಳು, “ಹುರುಳಿಕಾಳು ಬಸ್ಸಾರು ಕಣಪ್ಪ. ನೀನೂ ಬಾ, ತಟ್ಟೆ ಹಾಕ್ತೀನಿ,” ಅಂದಳು.

“ಇನ್ನೊಂದ್ಸಲ ಬರ್ತೀನಿ ಆಂಟಿ. ಇವರನ್ನ ಈಗ್ಲೇ ಕಳಿಸ್ಕೊಡ್ತೀನಿ.”

ಗುಹೆಯೊಳಗೆ ಒಂದು ಬಾಂಬು ಉರುಳಿ ಬಂತು.

ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತ, “ಯಾರ ಮನೆ ಹುಡುಗನೋ, ಹೇಳಿದ ಮಾತಿಗೆ ತಪ್ಪಲಿಲ್ಲ,” ಅಂದಳು.

೬. ಬೀಗರು

ಭಾನುವಾರ ಬಂತು. ಅವತ್ತು ಎಲ್ಲವೂ ಸರಿಹೋಯಿತು. ಸೆಕ್ರೆಟರಿ ಯಾವ ಬಸುರಿಯನ್ನೂ ಗುರುತಿಸಲಿಲ್ಲ. ಭಾಮೈದ ಬರೆದಿಟ್ಟ ಬೆಲೆಗೇ ಬಂದೂಕು ಕೊಂಡ. ಗ್ರಹ ಬಿರುಕು ಬಿಡುತ್ತಿತ್ತು, ಹಡಗು ಇಳಿದಿತ್ತು, ಏಣಿ ನಮ್ಮೆದುರಿಗೇ ಇತ್ತು. ಆಗ ಹಡಗಿನ ಆ ಬದಿಯಿಂದ ಇನ್ನೊಂದು ತಂಡ ಬಂತು. ಆರು ಬಂದೂಕುಗಳು ಎದುರುಬದುರಾದವು.

“ಎವರಯ್ಯಾ ಅಕ್ಕಡ?” ಅತ್ತಲಿಂದ ತೆಲುಗಿನಲ್ಲಿ, ಯಾರಯ್ಯಾ ಅಲ್ಲಿ ಎಂದು ಗದರಿಕೆ ಬಂತು.

ಭಾಮೈದನ ಮುಖ ಅರಳಿತು. “ಮೇಮೇ! ಮೀದೇ ಊರು?” ನಾವೇ, ನಿಮ್ಮದು ಯಾವ ಊರು ಎಂದು ಅವನೂ ತೆಲುಗಿನಲ್ಲೇ ಕೇಳಿದ.

ಅವರದು ಆಂಧ್ರದ ಮದನಪಲ್ಲಿ ಪಕ್ಕ. ಬಂದೂಕು ಇಳಿಸದೆಯೇ ಇವನು ಅವತ್ತಿನ ಟೊಮೆಟೊ ರೇಟು ಕೇಳಿದ. ಬಂದೂಕು ಇಳಿಸದೆಯೇ ಅವರು ಹೇಳಿದರು. ಮಳೆ ಹೇಗೆ, ಕೊಳವೆಬಾವಿಯಲ್ಲಿ ನೀರು ಹೇಗೆ ಎಂದೆಲ್ಲ ಆದ ಮೇಲೆ ಅವರು ಇವನ ಊರು ಕೇಳಿದರು.

“ರಾಯಲ್ಪಾಡಾ? ನಮ್ಮಣ್ಣನ ಸೊಸೆ ಆ ಊರಿನ ಹುಡುಗೀನೇ!” ಅಂದಿತು ಆ ದನಿ.

ಭಾಮೈದ ಆಟದಲ್ಲಿ ಬಂದೂಕನ್ನು ನೆಲಕ್ಕೆಸೆದ, ಹಾಲಿನಲ್ಲಿ ಎದ್ದು ನಿಂತ. ಹೋದ ಬೇಸಿಗೆಯಲ್ಲಿ ಮದುವೆಯಾದ ಅವನ ಮಗಳನ್ನು ಕೊಟ್ಟ ಮನೆ ಅದು. ಎದುರಿಗಿದ್ದವರು ಅಳಿಯನ ಸ್ವಂತ ಚಿಕ್ಕಪ್ಪ. ಜೊತೆಯಲ್ಲಿ ಅವರ ಇಬ್ಬರು ಮಕ್ಕಳು.

“ಭಾವ, ಬೀಗರು! ಕೋವಿ ಇಳಿಸು!”

“ನಿಯಮದ ಪ್ರಕಾರ ನಾವು ಹೊಡೀಬೇಕು ಕಣೋ. ಇವತ್ತೇ ಕೊನೇ ದಿನ.”

“ನನ್ನ ಮಗಳು ಆ ಮನೇಲಿ ಬಾಳ್ಬೇಕು ಭಾವ!”

ಆಟದಲ್ಲಿ ನಮಸ್ಕಾರ ಮಾಡುವ ಗುಂಡಿ ಇಲ್ಲ. ಭಾಮೈದ ಕುಕ್ಕರುಗಾಲಲ್ಲಿ ಕೂರುವ ಗುಂಡಿ ಒತ್ತಿ ಎದ್ದ. ಅವರೂ ಕೂತು ಎದ್ದರು. ಮರ್ಯಾದೆಗೆ ಸೆಕ್ರೆಟರಿಯೂ ಕೂತು ಎದ್ದರು. ಸಿಡಿಯುತ್ತಿರುವ ಗ್ರಹದ ಮೇಲೆ ಸರ್ವಾಯುಧ ತೊಟ್ಟ ಯೋಧರು ಒಬ್ಬರಿಗೊಬ್ಬರು ಬಸ್ಕಿ ಹೊಡೆಯುತ್ತಿದ್ದರು.

“ಸರಿ ಮತ್ತೆ, ನೀವು ಹತ್ತಿ,” ಅಂದ ಭಾಮೈದ.

“ಛೆ ಛೆ, ನೀವು ಹತ್ತಿ. ನಾವು ಇನ್ನೊಂದರಲ್ಲಿ ಬರ್ತೀವಿ.”

“ಇನ್ನೊಂದಿಲ್ಲ,” ಎಂದೆ ನಾನು.

“ಪರವಾಗಿಲ್ಲ, ನೀವು ಹತ್ತಿ.”

“ಗಂಡಿನ ಕಡೆಯವರು ನೀವು, ಮೊದಲು ನೀವು.”

ಮಾತು ಕೊಟ್ಟವನು ನಾನು. ಇವರ ಉಪಚಾರ ಮುಗಿಯುವಂತೆ ಕಾಣಲಿಲ್ಲ. ಮೆಲ್ಲಗೆ ಏಣಿ ಹತ್ತಿ ಬಾಗಿಲಲ್ಲಿ ಒಂದು ಕಾಲಿಟ್ಟೆ. ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ತಿಳಿದ ಕೂಡಲೇ ಸೆರಗು ಸರಿಮಾಡಿಕೊಂಡು ಟಿವಿಯನ್ನು “ಊಟ ಆಯ್ತಾ ಅಣ್ಣ?” ಎಂದು ಕೇಳಿದಳು. ಆಮೇಲೆ ನಾನೆಲ್ಲಿದ್ದೇನೆಂದು ನೋಡಿದಳು.

“ರೀ! ಬೀಗರು ಕೆಳಗೆ ನಿಂತಿದ್ದಾರೆ, ನೀವು ಮೇಲೆ ಹತ್ತಿದ್ದೀರಾ? ಇಳೀರಿ ಮೊದ್ಲು!”

ಯಾವ ಮ್ಯಾನೇಜರಿಗೂ ಒಂದಿಂಚು ಇಳಿಯದವನು ಇಳಿದೆ. ಖಾಲಿ ಹಡಗು ನಮ್ಮೆಲ್ಲರ ಕಣ್ಣೆದುರಿಗೇ ಹಾರಿಹೋಯಿತು. ಗ್ರಹ ಸಿಡಿಯಿತು. ಸಿಡಿತದ ನಡುವೆಯೂ “ಮನೆ ಕಡೆ ಬನ್ನಿ” ಎಂಬ ಮಾತು ಎರಡೂ ಕಡೆಯಿಂದ ಕೇಳಿತು.

“ರಿಮೋಟ್,” ಎಂದು ಹೆಂಡತಿ ಕೈ ಚಾಚಿದಳು.

“ಇಳಿಸಿದ್ದು ನೀನೇ ಅಲ್ವಾ?”

“ಬೀಗರ ವಿಷಯ ಬೇರೆ, ರಿಮೋಟ್ ವಿಷಯ ಬೇರೆ.”

ಕೊಟ್ಟೆ. ಕೊಡುವುದಕ್ಕೂ ಭಾಮೈದನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಳಿಯನ ಚಿಕ್ಕಪ್ಪ. ನಮ್ಮಿಂದಾಗಿ ನಿಮಗೆ ಹಡಗು ತಪ್ಪಿತು, ಬೇಜಾರು ಮಾಡ್ಕೋಬೇಡಿ, ನಾಳೆ ನಾವೇ ಮುಂಚೆ ಹೋಗಿ ನಿಮಗೆ ಸೀಟು ಹಿಡಿದಿಟ್ಟಿರ್ತೀವಿ, ಬಂದುಬಿಡಿ ಎಂದರಂತೆ.

ಹೆಂಡತಿ ರಿಮೋಟನ್ನು ನನ್ನ ಕೈಗೇ ವಾಪಸ್ ಇಟ್ಟಳು. “ಬೀಗರು ಸೀಟು ಹಿಡೀತಾರೆ ಅಂದ ಮೇಲೆ ಹೋಗದಿದ್ರೆ ತಪ್ಪು ತಿಳ್ಕೋತಾರೆ. ಇನ್ನೊಂದು ದಿನ ಕೊಟ್ಟಿದ್ದೀನಿ. ಆದ್ರೆ ಆ ತೂತಿನ ಬನಿಯನ್ನಲ್ಲಿ ಕೂರಬೇಡಿ.”

ಮಾರನೆಯ ಸಂಜೆ ನಾನು ಇಸ್ತ್ರಿ ಮಾಡಿದ ಶರ್ಟು, ಭಾಮೈದ ಮಗಳ ಮದುವೆಯ ಪಂಚೆ ಶಲ್ಯ, ಸೆಕ್ರೆಟರಿ ಹಣೆಗೆ ಕುಂಕುಮ ಇಟ್ಟುಕೊಂಡು ಯುದ್ಧಕ್ಕೆ ಕೂತೆವು. ಹಡಗಿನ ಬಳಿ ಹೋಗಿ ನೋಡಿದರೆ ಬೀಗರು ಮೂವರೂ ಸೀಟಿನಲ್ಲಿ ಕೂತಿದ್ದಾರೆ. ನಮ್ಮನ್ನು ಕಂಡು ಎದ್ದು ಇಳಿದರು.

“ಈ ಆಟದಲ್ಲಿ ಟವೆಲ್ ಹಾಕೋಕೆ ಬರಲ್ಲ. ಅದಕ್ಕೇ ನಾವೇ ಕೂತಿದ್ವಿ. ಹತ್ತಿ, ಹತ್ತಿ.”

ಭಾಮೈದ ಮತ್ತೆ ‘ನೀವು’ ಎನ್ನಲು ಬಾಯಿ ತೆರೆದ. ಅವನಕ್ಕ ಅವನ ತಲೆಗೊಂದು ಮೊಟಕಿದಳು. ಹತ್ತಿದೆವು. ಬಾಗಿಲು ಮುಚ್ಚಿತು. ‘ಜೀವಂತ’ ಎಂದು ತೆರೆಯ ಮೇಲೆ ಬಂತು.

ಕಿಟಕಿಯಿಂದ ಕಂಡಿತು: ಬೀಗರು ಮೂವರೂ ಕೆಳಗೆ ಸಾಲಾಗಿ ನಿಂತು ಕೈ ಬೀಸುತ್ತಿದ್ದರು. ಹಿಂದೆ ಬೆಟ್ಟ ಕುಸಿಯಿತು, ಬೀಸುತ್ತಲೇ ಇದ್ದರು. ನೆಲ ಬಾಯಿಬಿಟ್ಟಿತು, ಆಗಲೂ ಬೀಸುತ್ತಿದ್ದರು. ನನ್ನ ಹೆಂಡತಿಯೂ ಟಿವಿಯ ಮುಂದೆ ನಿಂತು ಕೈ ಬೀಸಿದಳು. ಗ್ರಹ ಪೂರ್ತಿ ಸಿಡಿದು ಬೂದಿಯಾದ ಮೇಲೆ ತಮ್ಮನ ಕಡೆ ತಿರುಗಿ ಅಂದಳು:

“ನೋಡ್ದೇನೋ, ಬಸ್ಸು ತಿರುಗೋವರೆಗೂ ನಿಂತಿದ್ರು. ಎಂಥ ಮನೆಗೆ ಕೊಟ್ಟಿದ್ದೀಯ ಕಣೋ!”